ಗೆರೆ ಎಳೆಯುವ ಕೈ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಾನು ಶಾಲೆಯ ಆರಂಭದ ದಿನಗಳನ್ನೋ, ಮುಳಿಹುಲ್ಲಿನ ಮಾಡನ್ನೋ, ಗತಿಸಿದ ಸಹೋದ್ಯೋಗಿಗಳನ್ನೋ ನೆನೆದು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ಆ ಕೆಲಸವನ್ನು ನನಗಿಂತ ಸಮರ್ಥರಾದವರು ಮಾಡುವರು. ನಾನು ಬರೆಯಹೊರಟಿರುವುದು ಒಂದು ವೀಡಿಯೋ ಆಟದ ಕುರಿತು. ಜೀವಮಾನವೆಲ್ಲ ಸೀಮೆಸುಣ್ಣ ಹಿಡಿದ ಮೇಷ್ಟರಿಗೆ ಈ ವಯಸ್ಸಿನಲ್ಲಿ ಇದೇನು ಮರುಳು ಎಂದು ಹಳೆಯ ಶಿಷ್ಯರು ನಗಬಹುದು. ಆದರೆ ಇದಕ್ಕೊಂದು ಕಾರಣವುಂಟು.

ಮಹೋತ್ಸವದ ಕೊಡುಗೆಯಾಗಿ ಒಂದನೆಯ ಮತ್ತು ಎರಡನೆಯ ತರಗತಿಯ ಮಕ್ಕಳಿಗೆ ಮುಟ್ಟಿದರೆ ಕೆಲಸ ಮಾಡುವ ಪರದೆಯ ಟ್ಯಾಬ್ಲೆಟ್ಟುಗಳನ್ನು ಕೊಡಿಸೋಣವೆಂಬ ಸಲಹೆ ಹಳೆ ವಿದ್ಯಾರ್ಥಿ ಸಂಘದ ಸಭೆಯಲ್ಲಿ ಬಂದಿತಷ್ಟೆ. ಸಭೆ ಕೂಡಲೆ ಎರಡು ಪಕ್ಷವಾಯಿತು. ಯಂತ್ರಗಳಿದ್ದರೆ ತಂದೆತಾಯಿಯರು ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಒಯ್ಯದೆ ಇಲ್ಲಿಗೆ ಕಳುಹಿಸುವರೆಂದು ಒಂದು ಪಕ್ಷ. ಯಂತ್ರ ಬಂದರೆ ಅದರ ಬೆನ್ನಿಗೆ ಆಟ ಬರುವುದು, ಆಟ ಬಂದರೆ ಅಕ್ಷರ ಹೊರಟುಹೋಗುವುದೆಂದು ಇನ್ನೊಂದು ಪಕ್ಷ. ಎರಡೂ ಕಡೆ ನನ್ನ ಶಿಷ್ಯರೇ ಇದ್ದರು. ಎರಡೂ ಕಡೆಯವರು ಆ ಯಂತ್ರದ ಬೆಲೆಯನ್ನು, ಮಾನವನ್ನು, ಅಪಾಯವನ್ನು ಚರ್ಚಿಸಿದರು. ಅದರ ಮುಂದೆ ಕುಳಿತ ಮಗುವಿನ ಕೈ ಏನು ಮಾಡುತ್ತಿರುತ್ತದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ನಾನೂ ಅಂದು ಸುಮ್ಮನಿದ್ದೆ. ಹೇಳಬೇಕೆಂದಿದ್ದ ಮಾತಿಗೆ ಒಂದು ಆಟವನ್ನು ವಿವರಿಸಬೇಕಾಗಿತ್ತು. ಸಭೆಯಲ್ಲಿ ಅದಕ್ಕೆ ವ್ಯವಧಾನವಿರಲಿಲ್ಲ.

2009ರ ಮಳೆಗಾಲದಲ್ಲಿ ನನ್ನ ಮೊಮ್ಮಗನಿಗೆ ಅವನ ಸೋದರಮಾವ ಗಲ್ಫಿನಿಂದ ಒಂದು ಪುಟ್ಟ ಯಂತ್ರವನ್ನು ತಂದುಕೊಟ್ಟಿದ್ದ. ಪುಸ್ತಕದಂತೆ ತೆರೆದು ಮುಚ್ಚಬಹುದಾದ, ಮೇಲೊಂದು ಕೆಳಗೊಂದು ಪರದೆಯುಳ್ಳ ಆ ಯಂತ್ರದ ಹೆಸರು ನಿಂಟೆಂಡೊ ಡಿಎಸ್. ಕೆಳಗಿನ ಪರದೆಯನ್ನು ಮುಟ್ಟಿ ಆಡಬಹುದಾಗಿತ್ತು. ಮುಟ್ಟುವುದಕ್ಕೆಂದು ಬೆಂಕಿಕಡ್ಡಿಗಿಂತ ತುಸು ದಪ್ಪನೆಯ ಒಂದು ಪ್ಲಾಸ್ಟಿಕ್ ಕಡ್ಡಿ ಯಂತ್ರದ ಬದಿಯ ಗೂಡಿನಲ್ಲಿ ಅಡಗಿರುತ್ತಿತ್ತು. ಆ ಕಡ್ಡಿಯನ್ನು ಕಂಡೊಡನೆ ನನಗೆ ನೆನಪಾದದ್ದು ಕಂಟ. ನಮ್ಮ ಹಿರಿಯರು ತಾಳೆಗರಿಯ ಮೇಲೆ ಅಕ್ಷರ ಕೊರೆಯುತ್ತಿದ್ದ ಲೋಹದ ಕಂಟ. ಈ ಲೇಖನದಲ್ಲಿ ಅದನ್ನು ಕಂಟವೆಂದೇ ಕರೆಯುವೆನು.

ಆ ಯಂತ್ರದೊಡನೆ ಬಂದ ಆಟಗಳಲ್ಲಿ ಒಂದು ‘ಕರ್ಬಿ: ಕ್ಯಾನ್ವಾಸ್ ಕರ್ಸ್’. ಜಪಾನಿನ ಹ್ಯಾಲ್ ಲ್ಯಾಬೊರೇಟರಿ ಎಂಬ ಸಂಸ್ಥೆ ರಚಿಸಿ, 2005ರ ಮಾರ್ಚಿನಲ್ಲಿ ಅಲ್ಲಿಯೂ ಅದೇ ವರ್ಷದ ಜೂನಿನಲ್ಲಿ ಅಮೆರಿಕದಲ್ಲಿಯೂ ಹೊರಬಂದ ಆಟವಿದು. ಜಪಾನಿನಲ್ಲಿ ಅದರ ಹೆಸರು ‘ಟಚ್! ಕರ್ಬಿ’, ಯೂರೋಪಿನಲ್ಲಿ ‘ಕರ್ಬಿ: ಪವರ್ ಪೇಂಟ್‌ಬ್ರಷ್’. ಒಂದೇ ಆಟ ಮೂರು ಹೆಸರಿನಲ್ಲಿ ತಿರುಗಿತೆಂದರೆ ನಮ್ಮ ಗಡಿನಾಡಿನವರಿಗೆ ಅಚ್ಚರಿಯೇನೂ ಆಗಲಾರದು. ನಮ್ಮ ಊರುಗಳಿಗೆಲ್ಲ ಎರಡೆರಡು ಹೆಸರು ಉಂಟಲ್ಲ!

ಈ ಜಾತಿಯ ಆಟಗಳ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಒಂದು ಗೊಂಬೆ ಎಡದಿಂದ ಬಲಕ್ಕೆ ಓಡುತ್ತದೆ. ನಡುವೆ ಹೊಂಡಗಳು, ಎತ್ತರದ ಕಟ್ಟೆಗಳು, ಕೊಲ್ಲಬಂದ ವೈರಿಗಳು. ಗುಂಡಿಯೊತ್ತಿದರೆ ಗೊಂಬೆ ನೆಗೆಯುತ್ತದೆ. ಕಟ್ಟೆಯಿಂದ ಕಟ್ಟೆಗೆ ನೆಗೆಯುತ್ತ ತುದಿ ಮುಟ್ಟುವುದೇ ಆಟ. ಇದನ್ನು ಪ್ಲಾಟ್‌ಫಾರ್ಮ್ ಆಟವೆನ್ನುತ್ತಾರೆ. 1981ರ ‘ಡಾಂಕಿ ಕಾಂಗ್’, 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಇದರ ಮಾದರಿಗಳು. ಈ ಆಟಗಳಲ್ಲಿ ಆಡುವವನ ಹೆಬ್ಬೆರಳು ಕಲಿಯುವುದು ಒಂದೇ ವಿದ್ಯೆ: ಸರಿಯಾದ ಗಳಿಗೆಯಲ್ಲಿ ಒತ್ತುವುದು. 1982ರಲ್ಲಿ ಗುನ್ಪೈ ಯೊಕೊಯಿ ಎಂಬ ತಂತ್ರಜ್ಞ ‘ಡಾಂಕಿ ಕಾಂಗ್’ ಆಟದ ಅಂಗೈಯಗಲದ ಯಂತ್ರಕ್ಕೆಂದು ನಾಲ್ಕು ದಿಕ್ಕಿಗೂ ಒತ್ತಬಹುದಾದ ಶಿಲುಬೆಯಾಕಾರದ ಗುಂಡಿಯನ್ನು ರೂಪಿಸಿದ. ಅಲ್ಲಿಂದ ಮುಂದೆ ಇಪ್ಪತ್ತು ವರ್ಷಕಾಲ ಇಂತಹ ಆಟಗಳೆಲ್ಲ ಆ ಹೆಬ್ಬೆರಳಿನ ಅಧೀನವಾಗಿಯೇ ಇದ್ದವು.

ಕರ್ಬಿಯೂ ಆ ಪರಂಪರೆಯವನೇ. 1992ರಲ್ಲಿ ಮಸಾಹಿರೊ ಸಕುರಾಯ್ ಎಂಬ ಯುವಕ, ಆಟಕ್ಕೆ ಹೊಸಬರಾದವರಿಗೂ ನಿಲುಕುವಂತಿರಲಿ ಎಂದು ಸೃಷ್ಟಿಸಿದ ಗುಂಡುಗುಂಡಾದ ಪ್ರಾಣಿ ಅವನು. ವೈರಿಯನ್ನು ನುಂಗಬಲ್ಲ, ಗಾಳಿ ತುಂಬಿಕೊಂಡು ತೇಲಬಲ್ಲ. 2005ರ ಈ ಆಟದ ಹೊತ್ತಿಗೆ ಸಕುರಾಯ್ ಆ ಸಂಸ್ಥೆಯನ್ನು ಬಿಟ್ಟಿದ್ದರು. ಉಳಿದವರು ಮಾಡಿದ ಮೊದಲ ಕೆಲಸವೆಂದರೆ, ಆ ನಾಯಕನ ಕೈಕಾಲುಗಳನ್ನು ಕಿತ್ತುಕೊಂಡದ್ದು! ಡ್ರಾಸಿಯಾ ಎಂಬ ಮಾಟಗಾತಿ ಬಂದು ಇಡಿಯ ನಾಡನ್ನು ಬಣ್ಣದ ಚಿತ್ರವನ್ನಾಗಿ ಮಾರ್ಪಡಿಸುತ್ತಾಳೆ. ಕರ್ಬಿಯನ್ನು ಕೈಕಾಲಿಲ್ಲದ ಚೆಂಡಾಗಿಸುತ್ತಾಳೆ. ಅವಳ ಮಾಯೆಯ ಕುಂಚ ಆಡುವವನ ಕೈಗೆ ಬರುತ್ತದೆ. ಕಥೆ ಇಷ್ಟೇ, ನಮ್ಮ ಅಜ್ಜಿಕಥೆಗಳ ಮುಂದೆ ಇದೇನೂ ಹೆಚ್ಚಿನದಲ್ಲ.

ಆದರೆ ಆ ಕಥೆಯಿಂದ ಹುಟ್ಟಿದ ನಿಯಮವಿದೆಯಲ್ಲ, ಅದು ದೊಡ್ಡದು. ಚೆಂಡಾದ ಕರ್ಬಿ ತಾನಾಗಿ ನೆಗೆಯಲಾರ. ಆಡುವವನು ಕಂಟದಿಂದ ಪರದೆಯ ಮೇಲೆ ಗೆರೆಯೆಳೆಯಬೇಕು. ಎಳೆದ ಗೆರೆ ಕಾಮನಬಿಲ್ಲಿನ ಬಣ್ಣದ ದಾರಿಯಾಗುತ್ತದೆ. ಯಾವ ದಿಕ್ಕಿಗೆ ಎಳೆದೆವೋ ಆ ದಿಕ್ಕಿಗೆ ಕರ್ಬಿ ಅದರ ಮೇಲೆ ಉರುಳುತ್ತಾನೆ. ಹೊಂಡವಿದ್ದಲ್ಲಿ ಗೆರೆಯೇ ಸಂಕ, ಗೋಡೆಯಿದ್ದಲ್ಲಿ ಗೆರೆಯೇ ಏಣಿ. ವೈರಿಯ ಬಾಣ ಬರುತ್ತಿದ್ದರೆ ಅಡ್ಡಗೆರೆಯೊಂದನ್ನೆಳೆದು ತಡೆಯಬಹುದು. ಬಳ್ಳಿಯ ಸುಳಿಯಂತೆ ಗೆರೆಯನ್ನು ಸುತ್ತಿಸಿದರೆ ಕರ್ಬಿ ಆ ಸುಳಿಯಲ್ಲಿ ಸುತ್ತಿ ವೇಗವನ್ನು ಪಡೆಯುತ್ತಾನೆ. ವೈರಿಯ ಮೇಲೆ ಕಂಟವನ್ನು ಊರಿದರೆ ಅದು ಒಂದು ಕ್ಷಣ ಸ್ತಬ್ಧ. ಕರ್ಬಿಯ ಮೇಲೆಯೇ ಊರಿದರೆ ಅವನು ಮುನ್ನುಗ್ಗುತ್ತಾನೆ. ಗುಂಡಿಗಳ ಗೊಡವೆಯೇ ಬಹುಮಟ್ಟಿಗೆ ಇಲ್ಲ. ಅಂದರೆ ಆಡುವವನು ನಾಯಕನನ್ನು ನಡೆಸುವುದಿಲ್ಲ. ಅವನಿಗೆ ದಾರಿಯನ್ನು ಬರೆದುಕೊಡುತ್ತಾನೆ.

ಬಣ್ಣಕ್ಕೂ ಮಿತಿಯುಂಟು. ಮನಸ್ಸಿಗೆ ಬಂದಂತೆ ಗೀಚಿದರೆ ಕುಂಚದ ಬಣ್ಣ ಬರಿದಾಗುತ್ತದೆ. ಎಳೆದ ಗೆರೆ ಸ್ವಲ್ಪ ಹೊತ್ತಿಗೆ ತಾನಾಗಿ ಅಳಿಸಿಹೋಗುತ್ತದೆ. ಕರ್ಬಿ ನೆಲಕ್ಕಿಳಿದಾಗ ಬಣ್ಣ ಬೇಗ ತುಂಬಿಕೊಳ್ಳುತ್ತದೆ. ಅಧ್ಯಾಪಕನಾದ ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಮೆಚ್ಚಿಗೆಯಾದುದು ಈ ಜಿಪುಣತನವೇ. ಗೆರೆ ಎಷ್ಟು ಉದ್ದ ಬೇಕು, ಎಲ್ಲಿ ಬಾಗಬೇಕು, ಎಲ್ಲಿ ಕೈಯೆತ್ತಬೇಕು ಎಂಬುದನ್ನು ಮಗು ಎಳೆಯುವ ಮೊದಲೇ ಮನಸ್ಸಿನಲ್ಲಿ ಕಂಡುಕೊಳ್ಳಬೇಕು. ಬರವಣಿಗೆಯೆಂಬುದು ಇದಲ್ಲದೆ ಮತ್ತೇನು?

ನಾನು ಮೊದಲ ಸಲ ಆಡಿದಾಗ ಅರ್ಧ ನಿಮಿಷದಲ್ಲಿ ಕರ್ಬಿಯನ್ನು ಹೊಂಡಕ್ಕೆ ದೂಡಿದೆ. ಮೊಮ್ಮಗ ಬಿದ್ದುಬಿದ್ದು ನಕ್ಕ. “ಅಜ್ಜಾ, ನೀವು ಗೆರೆ ಎಳೆಯುವುದಿಲ್ಲ, ಗೆರೆ ಗುದ್ದುತ್ತೀರಿ” ಎಂದ. ಒಂದನೆಯ ತರಗತಿಯಲ್ಲಿ ಸ್ಲೇಟಿನ ಮೇಲೆ ಕಡ್ಡಿಯನ್ನು ಕಿರ್ರೆನ್ನಿಸುವ ಮಕ್ಕಳಿಗೆ ನಾನೇ ನೂರಾರು ಸಲ ಹೇಳಿದ್ದ ಮಾತು ಅದು! ಆ ಮಳೆಗಾಲವೆಲ್ಲ ಅಜ್ಜ ಮೊಮ್ಮಕ್ಕಳು ಜಗಲಿಯಲ್ಲಿ ಕುಳಿತು ಗೆರೆಯೆಳೆದೆವು. ಆಟದ ನಡುವೆ ಚುಕ್ಕೆಗಳನ್ನು ಹೊತ್ತು ಮೀರುವ ಮೊದಲು ಗೆರೆಯಿಂದ ಸೇರಿಸಬೇಕಾದ ಒಂದು ಪಂದ್ಯವೂ ಬರುತ್ತದೆ. ಅದರಲ್ಲಿ ನನ್ನ ಮನೆಯಾಕೆ ನಮ್ಮಿಬ್ಬರನ್ನೂ ಸೋಲಿಸಿದಳು. ಅರುವತ್ತು ವರ್ಷ ಅಂಗಳದಲ್ಲಿ ಚುಕ್ಕಿ ರಂಗೋಲಿ ಹಾಕಿದ ಕೈ ಅದು. ಅವಳಿಗೆ ಯಂತ್ರದ ಮೇಲೆ ಭಯವೂ ಇರಲಿಲ್ಲ, ಗೌರವವೂ ಇರಲಿಲ್ಲ.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ.

ಆ ಯಂತ್ರದ ಪರದೆಯ ಒಳಗುಟ್ಟು ಸರಳವಾದುದು. ಎರಡು ತೆಳು ಹಾಳೆಗಳ ನಡುವೆ ಕೂದಲೆಳೆಯಷ್ಟು ಅಂತರ. ಮೇಲಿನಿಂದ ಒತ್ತಿದಾಗ ಅವು ಒಂದನ್ನೊಂದು ಮುಟ್ಟುತ್ತವೆ, ಮುಟ್ಟಿದ ಸ್ಥಳವನ್ನು ಯಂತ್ರ ಗುರುತಿಸುತ್ತದೆ. ಒತ್ತಬಲ್ಲ ಯಾವ ಮೊನೆಯೂ ಅದಕ್ಕೆ ಸಾಕು. ಆದಕಾರಣ ಅದರ ಮೇಲೆ ಸೂಕ್ಷ್ಮವಾದ ಗೆರೆಯನ್ನೆಳೆಯಬಹುದಿತ್ತು, ಎಳೆಯುವಾಗ ಕೈಗೆ ತುಸು ಪ್ರತಿರೋಧವೂ ತಿಳಿಯುತ್ತಿತ್ತು. 2007ರಲ್ಲಿ ಐಫೋನು ಬಂದ ಮೇಲೆ ಪ್ರಚಾರಕ್ಕೆ ಬಂದ ಪರದೆ ಬೇರೆಯೇ ಜಾತಿಯದು. ಅದು ಒತ್ತಡವನ್ನಲ್ಲ, ಬೆರಳಿನ ಚರ್ಮದಿಂದಾಗುವ ವಿದ್ಯುತ್ತಿನ ವ್ಯತ್ಯಾಸವನ್ನು ಗುರುತಿಸುತ್ತದೆ. ಬರಿಯ ಪ್ಲಾಸ್ಟಿಕ್ ಮೊನೆಗೆ ಅದು ಓಗೊಡುವುದಿಲ್ಲ. ಅದರ ಅನುಕೂಲಗಳು ಬಹಳ. ಹಗುರವಾಗಿ ಸವರಿದರೆ ಸಾಕು, ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಬಹುದು. ಆದರೆ ಬೆರಳಿನಿಂದ ಬರೆಯುವಾಗ ಬರೆಯುವ ಜಾಗವನ್ನು ಬೆರಳೇ ಮುಚ್ಚಿಬಿಡುತ್ತದೆ. ಗೆರೆಯ ತುದಿ ಎಲ್ಲಿದೆಯೆಂದು ಕಣ್ಣಿಗೆ ಕಾಣಿಸದು. ಕಾಣದ ಗೆರೆಯನ್ನು ಕೈ ತಿದ್ದಲಾರದು.

ಇಂದು ಮಕ್ಕಳ ಕೈಯಲ್ಲಿರುವ ಫೋನಿನ ಆಟಗಳನ್ನು ನೋಡಿದರೆ ಇದರ ಪರಿಣಾಮ ತಿಳಿಯುತ್ತದೆ. ಮುಟ್ಟುವುದನ್ನು ಅವು ಉಳಿಸಿಕೊಂಡವು, ಎಳೆಯುವುದನ್ನು ಬಹುತೇಕ ಬಿಟ್ಟುಬಿಟ್ಟವು. ಸವರು, ತಟ್ಟು, ಜಾಹೀರಾತು ನೋಡು, ಮತ್ತೆ ಸವರು. ಹೆಬ್ಬೆರಳಿನ ಕಾಲವೇ ಮರಳಿ ಬಂದಿದೆ. ಗುಂಡಿ ಮಾತ್ರ ಮಾಯವಾಗಿದೆ. 2005ರಲ್ಲಿ ಆ ಪುಟ್ಟ ಆಟ ತೋರಿಸಿಕೊಟ್ಟ ದಾರಿ ಹೆದ್ದಾರಿಯಾಗಲಿಲ್ಲ. ಆ ಸಂಸ್ಥೆಯವರೇ 2015ರಲ್ಲಿ ಇದರ ಮುಂದಿನ ಆಟವನ್ನು ವೀ ಯೂ ಎಂಬ ಯಂತ್ರಕ್ಕಾಗಿ ಮಾಡಿದರು. ಟಿ.ವಿ.ಯ ಮೇಲೆ ಜೇಡಿಮಣ್ಣಿನಲ್ಲಿ ಮಾಡಿದಂತಹ ಬಲು ಸೊಗಸಾದ ಚಿತ್ರಗಳು. ಆಡುವವನಾದರೋ ಗೆರೆಯೆಳೆಯಲು ಕೈಯಲ್ಲಿರುವ ಪುಟ್ಟ ಪರದೆಯನ್ನೇ ನೋಡುತ್ತಿರಬೇಕು! ಕೈಯೊಂದು ಕಡೆ, ಚೆಲುವೊಂದು ಕಡೆ. ಕಣ್ಣೂ ಕೈಯೂ ಒಂದೇ ಜಾಗದಲ್ಲಿರಬೇಕೆಂಬುದನ್ನು ಮೊದಲನೆಯ ಆಟ ಮಾಡಿ ತೋರಿಸಿತ್ತು. ಎರಡನೆಯದು ಮರೆಯಿತು ಎಂದೇ ನನ್ನ ಎಣಿಕೆ.

ಡಿಎಸ್ ಯಂತ್ರ ಲೋಕದಲ್ಲಿ 15 ಕೋಟಿಗೂ ಮಿಕ್ಕಿ ಮಾರಾಟವಾಯಿತು. ಜಪಾನೀಯರು ಅದನ್ನು ಬರಿಯ ಆಟಕ್ಕೆ ಬಳಸಿದವರಲ್ಲ. ಅವರ ಕಾಂಜಿ ಅಕ್ಷರಗಳನ್ನು ಯಾವ ಗೆರೆ ಮೊದಲು, ಯಾವುದು ಅನಂತರ ಎಂಬ ಕ್ರಮದಲ್ಲಿ ಬರೆದು ರೂಢಿಮಾಡಿಕೊಳ್ಳುವ ತಂತ್ರಾಂಶಗಳು ಅದೇ ಕಂಟ, ಅದೇ ಪರದೆಯ ಮೇಲೆ ಬಂದವು. ಗೆರೆಯಿಂದ ಆಡುವ ಆಟವನ್ನೂ ಗೆರೆಯಿಂದ ಕಲಿಯುವ ಅಕ್ಷರವನ್ನೂ ಅವರು ಒಂದೇ ಕೈಗೆ ಕೊಟ್ಟರು. ನಮಗೆ ಅಂತಹದು ದೊರೆಯಲಿಲ್ಲ. ಮೊಮ್ಮಗನ ಯಂತ್ರವನ್ನು ತೆರೆದಾಗ ಭಾಷೆಯನ್ನು ಆರಿಸಿಕೊಳ್ಳೆಂದು ಒಂದು ಪಟ್ಟಿ ಬರುತ್ತಿತ್ತು: ಜಪಾನಿ, ಇಂಗ್ಲಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್, ಸ್ಪ್ಯಾನಿಷ್. 1956ರ ನವೆಂಬರ್ 1ರಿಂದ ಮೊದಲ್ಗೊಂಡು ಪಟ್ಟಿಗಳಲ್ಲಿ ನಮ್ಮ ಹೆಸರನ್ನು ಹುಡುಕಿ ರೂಢಿಯಾದ ನಾನು ಅಲ್ಲಿಯೂ ಒಮ್ಮೆ ಹುಡುಕಿದೆ.

ಇಲ್ಲಿ ಒಂದು ವಿಷಯವನ್ನು ಒಪ್ಪಿಕೊಳ್ಳಬೇಕಾಗಿದೆ. ಆ ಮೊಮ್ಮಗ ನಮ್ಮ ಶಾಲೆಯಲ್ಲಿ ಓದಿದವನಲ್ಲ. ಎಷ್ಟೋ ಮನೆಗಳ ಜಗಲಿ ಹತ್ತಿ, ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಿರೆಂದು ಕೈಮುಗಿದು ಬೇಡಿದ ನನ್ನ ಮನೆಯ ಕುಡಿಯೇ ಇಂಗ್ಲಿಷ್ ಮಾಧ್ಯಮಕ್ಕೆ ಹೋಯಿತು. ಮಗ ಸೊಸೆಯರನ್ನು ನಾನು ತಡೆಯಲಾರದೆ ಹೋದೆ. ತಡೆಯಬೇಕಾದಷ್ಟು ತಡೆಯಲಿಲ್ಲವೆಂಬುದೇ ಹೆಚ್ಚು ನಿಜ. ಈಗ ಅವನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ನಿತ್ಯವೂ ಫೋನಿನಲ್ಲಿ ನನಗೆ ಸಂದೇಶ ಕಳುಹಿಸುತ್ತಾನೆ. ಮಾತು ಅಚ್ಚ ಕನ್ನಡ, ನಮ್ಮ ಊರಿನದೇ ಕನ್ನಡ. ಅಕ್ಷರ ಮಾತ್ರ ಇಂಗ್ಲಿಷಿನವು. ಅವನ ಕಿವಿಯೂ ನಾಲಗೆಯೂ ನಮ್ಮವಾಗಿ ಉಳಿದಿವೆ, ಕೈ ಉಳಿಯಲಿಲ್ಲ. ಆ ಮಳೆಗಾಲದಲ್ಲಿ ಅಷ್ಟು ನಯವಾಗಿ ಸುಳಿಯನ್ನೂ ಕೊಂಡಿಯನ್ನೂ ಎಳೆಯುತ್ತಿದ್ದ ಕೈ! ‘ಠ’ಕಾರದ ದುಂಡು, ‘ಲ’ಕಾರದ ಸುಳಿ, ‘ಳ’ಕಾರದ ತಿರುವು, ಇವೆಲ್ಲ ಆ ಕೈಗೆ ಆಗಲೇ ಬರುತ್ತಿದ್ದವು, ಅವು ಅಕ್ಷರಗಳೆಂದು ಹೇಳಿಕೊಡುವವನು ಪಕ್ಕದಲ್ಲೇ ಕುಳಿತು ಆಡುತ್ತಿದ್ದ.

ನಮ್ಮ ಲಿಪಿ ದುಂಡಗಾದುದಕ್ಕೆ ತಾಳೆಗರಿಯೂ ಒಂದು ಕಾರಣವೆಂದು ಬಲ್ಲವರು ಹೇಳುವುದುಂಟು. ನೇರವಾಗಿ ಉದ್ದಕ್ಕೆ ಗೀರಿದರೆ ಗರಿ ಸೀಳಿಹೋಗುವುದಂತೆ. ಬರೆಯುವ ವಸ್ತು ಅಕ್ಷರವನ್ನು ಹೀಗೆ ತಿದ್ದುತ್ತದೆ. ಅಂದಮೇಲೆ ನಾವು ಮಕ್ಕಳ ಮುಂದೆ ಇಡುವ ವಸ್ತು ಯಾವುದು ಎಂಬುದು ಸಣ್ಣ ಮಾತಲ್ಲ. ವಿಜಯದಶಮಿಯಂದು ಅಕ್ಕಿಯ ಮೇಲೆ ಬೆರಳು ಹಿಡಿದು ಬರೆಯಿಸುತ್ತೇವಲ್ಲವೆ, ಅದೂ ಬೆರಳೇ ತಾನೆ ಎಂದು ಸಭೆಯಲ್ಲಿ ಒಬ್ಬರು ಹೇಳಿದರು. ಹೌದು. ಆದರೆ ಅಕ್ಕಿ ಸರಿಯುತ್ತದೆ, ಹೊಯಿಗೆ ಕೊರೆಯುತ್ತದೆ. ಬೆರಳೆತ್ತಿದ ಮೇಲೆ ಅಲ್ಲಿ ಗೆರೆಯ ಹಳ್ಳ ಉಳಿಯುತ್ತದೆ. ಗಾಜಿನ ಮೇಲೆ ಜಾರುವ ಬೆರಳಿಗೆ ಆ ಪಾಠ ಸಿಗದು. ಅಲ್ಲದೆ ಹೊಯಿಗೆಯಿಂದ ನಾವು ಮಕ್ಕಳನ್ನು ಸ್ಲೇಟಿಗೆ, ಸ್ಲೇಟಿನಿಂದ ಪುಸ್ತಕಕ್ಕೆ ಏರಿಸುತ್ತಿದ್ದೆವು. ಮೊನೆ ಚೂಪಾಗುತ್ತ ಹೋಗುತ್ತಿತ್ತು.

ವಿರೋಧಪಕ್ಷದ ಮಾತನ್ನು ನಾನು ತಳ್ಳಿಹಾಕುವವನಲ್ಲ. ಆಟ ಚಟವಾಗಬಲ್ಲುದು. ವಿಶ್ವ ಆರೋಗ್ಯ ಸಂಸ್ಥೆಯು ತಾನು 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ, ಹತೋಟಿ ಮೀರಿದ ಆಟದ ಗೀಳನ್ನೂ ಸೇರಿಸಿದೆ. ಆದರೆ ಹಿರಿಯರು ಆಟವನ್ನು ಹೇಗೆ ನಡೆಸಿಕೊಂಡರೆಂಬುದಕ್ಕೆ ಚೆನ್ನೆಮಣೆಯ ಉದಾಹರಣೆ ನಮ್ಮ ಅಟ್ಟದಲ್ಲಿಯೇ ಇದೆ. ಆಟಿ ತಿಂಗಳ ಬಿಡದ ಮಳೆಯಲ್ಲಿ ಅದನ್ನು ಕೆಳಗಿಳಿಸುತ್ತಿದ್ದರು. ತಿಂಗಳು ಕಳೆದರೆ ಮತ್ತೆ ಅಟ್ಟಕ್ಕೆ. ಮಣೆಯನ್ನು ಒಲೆಗೆ ಹಾಕಿದವರಿಲ್ಲ. ಅಲ್ಲದೆ ಕರ್ಬಿಯ ಆಟಕ್ಕೊಂದು ಕೊನೆಯಿದೆ; ಮಾಟಗಾತಿಯನ್ನು ಗೆದ್ದರೆ ಕಥೆ ಮುಗಿಯಿತು, ಯಂತ್ರವನ್ನು ಮಡಚಿಡಬಹುದು. ಕೊನೆಯೇ ಇಲ್ಲದಂತೆ ಹೆಣೆದ ಫೋನಿನ ಆಟಗಳನ್ನೂ ಇದನ್ನೂ ಒಂದೇ ಹಗ್ಗದಿಂದ ಕಟ್ಟುವುದು ನ್ಯಾಯವಲ್ಲ.

ಯಂತ್ರ ಬಂದರೆ ಸಾಕೆನ್ನುವ ಪಕ್ಷದ ಮಿತ್ರರಲ್ಲಿಯೂ ನನ್ನದೊಂದು ಜಗಳವಿದೆ. ಟ್ಯಾಬ್ಲೆಟ್ಟಿನಲ್ಲಿ ‘ಅ’ ಎಂಬ ಅಕ್ಷರವನ್ನು ತಟ್ಟಿದರೆ ಅದು ‘ಅ’ ಎಂದು ಕೂಗಿ ಅರಸನ ಚಿತ್ರ ತೋರಿಸುವ ತಂತ್ರಾಂಶವನ್ನು ಅವರು ಸಭೆಯಲ್ಲಿ ಹೆಮ್ಮೆಯಿಂದ ಪ್ರದರ್ಶಿಸಿದರು. ಮಗು ಅಲ್ಲಿ ಮಾಡಿದ್ದೇನು? ಗುಂಡಿಯೊತ್ತಿತು. ಅಷ್ಟಕ್ಕೆ ಇಷ್ಟು ಹಣವೇಕೆ?

ಕಳೆದ ಬೇಸಿಗೆ ರಜೆಯಲ್ಲಿ ಮಗಳ ಮಗಳು ಬಂದಿದ್ದಳು; ಆರು ವರ್ಷದ ಹುಡುಗಿ. ಕಪಾಟಿನಲ್ಲಿದ್ದ ಅಣ್ಣನ ಹಳೆಯ ಯಂತ್ರವನ್ನು ತೆಗೆದುಕೊಟ್ಟೆ. ಫೋನು ಸವರಿ ರೂಢಿಯಾದ ಅವಳು ಬೆರಳಿನಿಂದ ಸವರಿದಳು. ಗೆರೆ ತುಂಡುತುಂಡಾಗಿ ಮೂಡಿತು. ಕರ್ಬಿ ಹೊಂಡಕ್ಕೆ ಬಿದ್ದ. ಮತ್ತೆ ಸವರಿದಳು, ಮತ್ತೆ ಬಿದ್ದ. “ಇದು ಹಾಳಾಗಿದೆ, ಅಜ್ಜಾ” ಎಂದಳು. ಬದಿಯ ಗೂಡಿನಿಂದ ಕಂಟವನ್ನೆಳೆದು ಕೈಗಿತ್ತೆ. ಅದನ್ನು ಹೇಗೆ ಹಿಡಿಯಬೇಕೆಂದೇ ಅವಳಿಗೆ ಮೊದಲು ತಿಳಿಯಲಿಲ್ಲ, ಮುಷ್ಟಿಯಲ್ಲಿ ಹಿಡಿದಳು. ಮೂರು ಬೆರಳನ್ನು ಜೋಡಿಸಿಕೊಟ್ಟೆ. ನಾಲ್ಕನೆಯ ದಿನ ಅವಳು ಎಳೆದ ಸುಳಿಯಲ್ಲಿ ಕರ್ಬಿ ಸುತ್ತಿ ಮೇಲೇರಿದ. ಐದನೆಯ ದಿನ ಸ್ಲೇಟನ್ನು ತಂದು, ಅದೇ ಸುಳಿಯನ್ನು ಇದರಲ್ಲಿ ಎಳೆ ಎಂದೆ. ಎಳೆದಳು. ಅದಕ್ಕೆ ತಲೆಕಟ್ಟು ಹಾಕಿ ಇದು ಇಂತಹ ಅಕ್ಷರವೆಂದು ತೋರಿಸಿದೆ. ರಜೆ ಮುಗಿಯುವ ಹೊತ್ತಿಗೆ ಅವಳಿಗೆ ಹನ್ನೊಂದು ಅಕ್ಷರ ಬಂದಿತ್ತು. ಇಡೀ ವರ್ಣಮಾಲೆ ಬಂದಿತೆಂದು ಬರೆದರೆ ಲೇಖನಕ್ಕೆ ಕಳೆಯೇರುತ್ತಿತ್ತು. ಆದರೆ ಬಂದದ್ದು ಹನ್ನೊಂದೇ.

ಆದುದರಿಂದ ಸಂಘದ ಮುಂದೆ ನನ್ನ ಸೂಚನೆ ಇಷ್ಟು. ಟ್ಯಾಬ್ಲೆಟ್ಟು ಕೊಡಿಸುವುದಾದರೆ ಚೂಪು ಮೊನೆಯ, ಆ ಪರದೆಗೆ ಹೊಂದುವ ಕಂಟದೊಡನೆಯೇ ಕೊಡಿಸತಕ್ಕದ್ದು. ಅದರಿಂದ ಬೆಲೆ ಏರುವುದನ್ನು ಬಲ್ಲೆ. ನಲುವತ್ತು ಯಂತ್ರಗಳ ಬದಲಿಗೆ ಹತ್ತೇ ಆಗಲಿ, ಮಕ್ಕಳು ಸರದಿಯಲ್ಲಿ ಬಳಸಲಿ. ತಟ್ಟಿದರೆ ಕೂಗುವ ತಂತ್ರಾಂಶ ಬೇಡ. ಗೆರೆಯೆಳೆದರೆ ಮಾತ್ರ ಮುಂದೆ ಸಾಗುವಂತಹುದು ಬೇಕು. ನಮ್ಮ ಹಳೆ ವಿದ್ಯಾರ್ಥಿಗಳಲ್ಲಿ ಬೆಂಗಳೂರು, ಮಂಗಳೂರುಗಳಲ್ಲಿ ತಂತ್ರಾಂಶ ಬರೆದೇ ಬದುಕುವವರು ಹಲವರಿದ್ದಾರೆ. ಚೆಂಡೊಂದು ‘ರ’ಕಾರದ ದಾರಿಯಲ್ಲಿ ಉರುಳಿ ಹೊಂಡ ದಾಟುವ ಒಂದು ಪುಟ್ಟ ಆಟವನ್ನು ಅವರಲ್ಲಿ ನಾಲ್ವರು ಕೂಡಿ ಮಾಡಲಾರರೆ? ಹಣ ಕೊಡುವವರಿಗಿಂತ ಅಂತಹವರ ಹೆಸರನ್ನೇ ಗೋಡೆಯ ಕಲ್ಲಿನಲ್ಲಿ ಮೊದಲು ಕೆತ್ತಿಸಬೇಕೆಂದು ನಾನು ಹಟ ಹಿಡಿಯುವೆನು. ಇದೊಂದೂ ಆಗದಿದ್ದರೆ ಆ ಹಣಕ್ಕೆ ಸ್ಲೇಟು ಕಡ್ಡಿಗಳನ್ನೇ ಕೊಳ್ಳಿರಿ.

ಮೊಮ್ಮಗನ ಒಪ್ಪಿಗೆ ಪಡೆದು ಆ ಹಳೆಯ ಯಂತ್ರವನ್ನು ಮಹೋತ್ಸವದ ದಿನ ಒಂದನೆಯ ತರಗತಿಗೆ ಒಪ್ಪಿಸುತ್ತಿದ್ದೇನೆ. ಒಪ್ಪಿಗೆಯ ಸಂದೇಶವನ್ನು ಅವನು ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲಿಯೇ ಕಳುಹಿಸಿದ. ಕೊನೆಗೆ ಒಂದು ಚಿತ್ರವನ್ನೂ ಲಗತ್ತಿಸಿದ್ದ. ಕಾಗದದ ಮೇಲೆ ಪೆನ್ನಿನಿಂದ ತನ್ನ ಹೆಸರನ್ನು ಕನ್ನಡದಲ್ಲಿ ಬರೆದು ತೆಗೆದ ಚಿತ್ರ. ಒತ್ತಕ್ಷರವೊಂದು ತಪ್ಪಾಗಿದೆ. ಯಂತ್ರದ ಎಡಗಡೆಯ ಗುಂಡಿ ಸಡಿಲಾಗಿದೆ, ಆ ಆಟಕ್ಕೆ ಅದು ಬೇಕಾಗಿಯೂ ಇಲ್ಲ. ಕಂಟ ಒಂದೇ ಉಳಿದಿರುವುದರಿಂದ ಅದನ್ನು ದಾರದಲ್ಲಿ ಕಟ್ಟಿಯೇ ಕೊಡುವೆನು.